ಯಾರೂ ಕೇಳದ ಒಡಪು

ಮೊದಲ ಒಂದು ಮಾತು ಹೇಳಿಬಿಡತೀನಿ. ಇದರಾಗ ನನ್ನ ಗಂಡನ ಹೆಸರು ನಿಮಗ ಸಿಗೂದಿಲ್ಲ. ಹುಡುಕಬ್ಯಾಡ್ರಿ. ಇಷ್ಟು ವರ್ಷ ಸಂಸಾರ ಮಾಡೇನಿ, ಒಡಪು ಇಲ್ಲದ ಆ ಹೆಸರು ಒಮ್ಮಿನೂ ನನ್ನ ಬಾಯಿಂದ ಹೊರಗ ಬಿದ್ದಿಲ್ಲ. ಮನ್ಯಾಗ "ಏನ್ರೀ" ಅಂತಿದ್ದೆ. ಮಗ ಹುಟ್ಟಿದ ಮ್ಯಾಲ "ನಿಮ್ಮಪ್ಪ" ಆದ್ರು. ಮಂದಿ ಮುಂದ "ನಮ್ಮ ಮನಿಯವರು". ಸಿಟ್ಟು ಬಂದಾಗ ಬರೇ "ಕೇಳಸ್ತೇನು?" ಅಂದ್ರ ಸಾಕು, ಓಣಿಯೊಳಗ ಎಲ್ಲಿದ್ದರೂ ತಿರುಗಿ ನೋಡತಿದ್ರು.

ಒಡಪು ಅಂದ್ರ ಏನಂತ ಗೊತ್ತಿಲ್ಲದವರೂ ಇರತೀರಿ. ನಮ್ಮ ಕಡೆ ಮದುವಿ, ಕುಬಸ, ತೊಟ್ಟಿಲು ಏನರ ಇರಲಿ, ಹೆಣಮಕ್ಕಳು ಕೂಡಿದಲ್ಲೆ ಒಬ್ಬರಿಗೊಬ್ಬರು ಗಂಡನ ಹೆಸರು ಹೇಳಸ್ತಾರ. ನೆಟ್ಟಗ ಹೇಳೂಹಂಗಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಕಡೀಕ ಹೆಸರು ಸಿಗಿಸಿ ಹೇಳಬೇಕು. ಅದ ಒಡಪು. ಅದಕ್ಕೊಂದು ಕಾಯ್ದೆ ಐತಿ. ತಾನಾಗಿ ಹೇಳಬಾರದು, ಯಾರರ ಕೇಳಬೇಕು. ಕೇಳಿದ ಕೂಡಲೇನೂ ಹೇಳಬಾರದು. ಸೆರಗು ಬಾಯಿಗೆ ಇಟ್ಕೊಂಡು "ಒಲ್ಲೆ" ಅನಬೇಕು. ಅವರು "ಹೇಳ ಬೇ, ಹೇಳು" ಅನಬೇಕು. ಮತ್ತ "ಒಲ್ಲೆ" ಅನಬೇಕು. ಅವರು ಬಾಗಲಾ ಅಡ್ಡಗಟ್ಟಬೇಕು, ಕೈಯಾಗಿನ ತಾಟು ಕಸಗೋಬೇಕು, "ಹೇಳಿದ್ರ ಬಿಡತೀವಿ, ಇಲ್ಲಾಂದ್ರ ಊಟ ಇಲ್ಲ" ಅನಬೇಕು. ಆಮ್ಯಾಲ ಹೇಳೂದು. ಖರೇ ಹೇಳಬೇಕಂದ್ರ ಒಡಪಿನ ರುಚಿ ಎಲ್ಲಾ ಇರೂದು ಆ "ಒಲ್ಲೆ" ಅನ್ನೂದರಾಗ.

ಧಾರವಾಡದಾಗ ನಮ್ಮ ಸಪ್ತಾಪುರ ಓಣಿಯೊಳಗ ನನ್ನ ಒಡಪಿಗೆ ಭಾರಿ ಹೆಸರಿತ್ತು. ಹೇಳಿಕೊಳ್ಳಾಕ ನಾಚಿಕಿ ಏನಿಲ್ಲ, ಇತ್ತು ಅಂದ್ರ ಇತ್ತು. ಮದುವ್ಯಾದ ಹೊಸದಾಗ ಅವರ ಕೂಡ ಸೀರಿ ತರಾಕ ಹುಬ್ಬಳ್ಳಿಗೆ ಹೊಂಟಿದ್ದೆ. ಆಗಿನ ಬಸ್ಸಿನ ಗದ್ದಲಾ ನಿಮಗೇನು ಹೇಳಲಿ! ಬಸ್ಸು ನಿಲ್ಲೂದರೊಳಗ ಇವರು ಓಡಿಹೋಗಿ ಕಿಟಕ್ಯಾಗಿಂದ ಟಾವೆಲ್ ಒಗದ್ರು. ಸೀಟು ಹಿಡದು, ನನ್ನ ಕೂಡ್ರಿಸಿ, ತಾವು ಹುಬ್ಬಳ್ಳಿ ಮಟಾ ಒಂದ ಕಾಲ ಮ್ಯಾಲ ನಿಂತು ಬಂದ್ರು. ಮಾತಿಲ್ಲ, ಕತಿ ಇಲ್ಲ. ನಾ ತಲಿ ಎತ್ತಿ ನೋಡಿದ್ರ ಅವರು ಕಿಟಕಿ ಹೊರಗ ನೋಡವರು. ಅವರು ನನ್ನ ನೋಡಿದ್ರ ನಾ ಹೊರಗ ನೋಡಾಕಿ. ಮುಂದಿನ ವಾರ ಮಗ್ಗಲ ಮನಿಯೊಳಗ ತೊಟ್ಟಿಲ ಕಾರ್ಯ ಇತ್ತು. ಹೊಸಾ ಸೊಸಿ ಅಂತ ನನ್ನ ಹಿಡದು ಕೂಡ್ರಿಸಿದ್ರು. ಬೇಕಾದಷ್ಟು "ಒಲ್ಲೆ" ಅಂದು ಮುಗಿಸಿ ಹೇಳಿದೆ:

"ಬಸ್ಸಿನ ಕಿಟಕ್ಯಾಗ ಟಾವೆಲ್ ಒಗದು ಸೀಟು ಹಿಡದವರು ಯಾರು?
ನನ್ನ ಕೂಡ್ರಿಸಿ ತಾವು ನಿಂತ ನಮ್ಮ ——— ಅವರು."

ಆ ಗೆರಿ ಇದ್ದಲ್ಲೆ ಹೆಸರು ಅಂತ ತಿಳಕೋರಿ. ಅವತ್ತು ಹೆಣಮಕ್ಕಳು ನಕ್ಕ ನಗುವಿಗೆ ತೊಟ್ಟಿಲದಾಗಿನ ಕೂಸು ಎದ್ದು ಅತ್ತಿತ್ತು. ಅವತ್ತಿನಿಂದ ನಮ್ಮ ಓಣಿಯೊಳಗ ಯಾವ ಕಾರ್ಯ ಆದರೂ ಒಡಪಿನ ಸರದಿ ನನ್ನ ಕಡೆ ಬಂದ ಕೂಡಲೇ ಮಂದಿ ಮುಂದ ಸರದು ಕೂಡ್ರತಿದ್ರು.

ಗಂಡಸರೆಲ್ಲಾ ಹೊರಗ ಕಟ್ಟಿ ಮ್ಯಾಲ ಮಾತಾಡಕೋತ ಕೂಡ್ರತಿದ್ರಲ್ಲಾ, ಇವರೊಬ್ಬರು ಮಾತ್ರ ಏನರ ನೆಪಾ ಮಾಡಿ ಎದ್ದು ಬಾಗಲ ಹಿಂದ ಬಂದು ನಿಲ್ಲತಿದ್ರು. ಕಾಲೇಜಿನ್ಯಾಗ ಇತಿಹಾಸ ಕಲಿಸವರು, ಪೇಪರ್ ತಿದ್ದೂ ಚಟಾ ಬ್ಯಾರೆ. ಮನಿಗೆ ಬರೂ ದಾರಿಯೊಳಗ "ಇವತ್ತಿಂದು ಎರಡನೇ ಸಾಲು ಸ್ವಲ್ಪ ಕುಂಟತಿತ್ತು ನೋಡು" ಅಂತಿದ್ರು. "ಹಂಗಾರ ನೀವ ಹೇಳ್ರಿ ಮುಂದಿನ ಸಲ" ಅಂತ ನಾನು ಉರಕೊಂಡು ನಾಲ್ಕು ಹೆಜ್ಜಿ ಮುಂದ ನಡಿಯಾಕಿ. ಹಿಂದಿನಿಂದ ಅವರು ಅದ ಒಡಪು ಗುನುಗಕೋತ ಬರವರು. ತಮ್ಮ ಹೆಸರು ಬಂದಲ್ಲೆ ಮಾತ್ರ ಕೆಮ್ಮತಿದ್ರು.

ಒಮ್ಮೆ ಬ್ಯಾಂಕಿನ್ಯಾಗ ಫಜೀತಿ ಆತು. ಕೌಂಟರಿನ್ಯಾಗಿನ ಹುಡುಗಿ "ಗಂಡನ ಹೆಸರ್ರೀ?" ಅಂದ್ಳು. ನಾ ಇವರ ಕಡೆ ನೋಡಿದೆ. ಇವರೇನೋ ನನ್ನ ಮಗ್ಗಲದಾಗ ಇದ್ರು, ಆದರ ಅದ ಹೊತ್ತಿಗೆ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಾಕತ್ತಿದ್ರು. ಆಕಿ ಮತ್ತ ಕೇಳಿದ್ಳು. ಏನು ಮಾಡಲಿ, ಒಡಪು ಹಾಕಿಬಿಟ್ಟೆ! ಆ ಹುಡುಗಿ ಪೆನ್ನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಸರದಿಯೊಳಗ ನಿಂತವರು "ಅಮ್ಮಾರ, ಇನ್ನೊಂದು ಹೇಳ್ರಿ" ಅನ್ನಾಕ ಶುರು ಮಾಡಿದ್ರು. ಇವರು ಕಂಬದ ಹಿಂದ ಮಾರಿ ಮುಚಗೊಂಡು ನಿಂತ್ರು. "ಮರ್ಯಾದಿ ಕಳದಿ" ಅಂತ ದಾರಿ ತುಂಬ ಬೈದ್ರು. ಸಂಜೀಕ ನೋಡಿದ್ರ ಓಣಿ ಮಂದಿಗೆಲ್ಲಾ ತಾವ ಹೇಳಿಬಂದಿದ್ರು.

ಎರಡು ವರ್ಷದ ಹಿಂದ ಅವರು ಹೋದ್ರು. ಅದನ್ನ ಇಲ್ಲೆ ಬಿಡಿಸಿ ಬರಿಯೂದಿಲ್ಲ. ಬರದ್ರ ನಾನೂ ಅಳತೀನಿ, ನೀವೂ ಅಳತೀರಿ, ಹೇಳಬೇಕಾದ ಮಾತು ಹಂಗ ಉಳಿತೈತಿ.

ಹೇಳಬೇಕಾದ ಮಾತು ಏನಂದ್ರ, ಆಮ್ಯಾಲ ನನ್ನ ಯಾರೂ ಒಡಪು ಕೇಳಲಿಲ್ಲ. ಯಾರೂ ಕೆಟ್ಟವರಲ್ಲ ಮತ್ತ. ಬಾ ಅಂತಾರ, ಕೂಡ್ರು ಅಂತಾರ, ಹೂವು ಕೊಡೂಮುಂದ ಮಾತ್ರ ಒಂದು ಗಳಿಗಿ ಕೈ ಅನುಮಾನ ಮಾಡತಾವು. ಹೆಸರು ಹೇಳೂ ಹೊತ್ತಾದ್ರ ಒಬ್ಬೊಬ್ಬರಿಗೇ ಕೇಳಕೋತ ಸರದಿ ಬರತೈತಿ, ಇನ್ನೇನು ನನ್ನ ಹತ್ಯಾಕ ಬಂತು ಅನ್ನೂದರಾಗ ಎಲ್ಲಾರಿಗೂ ತಂತಮ್ಮ ಕೈಯಾಗಿನ ಬಳಿ ನೋಡಕೊಳ್ಳೂ ಕೆಲಸ ಬಂದುಬಿಡತೈತಿ! ಸರದಿ ನನ್ನ ದಾಟಿ ಮಗ್ಗಲಿನಾಕಿ ಕಡೆ ಹೋಗತೈತಿ. ನಾನು "ಚಾ ಉಕ್ಕತೇನು ನೋಡಬೇಕು" ಅಂತ ಎದ್ದು ಹೋಗತಿದ್ದೆ. ಆ ಮನಿಯವರು ಇನ್ನೂ ಚಾ ಇಟ್ಟಿರತಿದ್ದಿಲ್ಲ.

ಎಷ್ಟು ಸಿಟ್ಟು ಬರತಿತ್ತು ಗೊತ್ತೇನು? ಕೊರಿಯರ್ ಹುಡುಗ ಅವರ ಹೆಸರು ಹೇಳತಾನ. ಗ್ಯಾಸಿನವರು ಹೇಳತಾರ. ಫೋನಿನ್ಯಾಗ ಯಾವದೋ ಹುಡುಗಿ ಕಾರು ಮಾರಾಕ ಅವರ ಹೆಸರು ಹಿಡದು ಕೇಳತಾಳ. ಇಡೀ ಧಾರವಾಡದಾಗ ಆ ಹೆಸರು ಹೇಳೂಹಂಗಿಲ್ಲದಾಕಿ ನಾನೊಬ್ಬಾಕಿ ಆಗಿಬಿಟ್ಟಿದ್ದೆ. ಒಬ್ಬಾಕಿನ ಇದ್ದಾಗ ಸುಮ್ಮನ ಹೇಳಬಾರದೇನು ಅಂತ ನೀವು ಕೇಳಬಹುದು. ಅದನ್ನೂ ಮಾಡೇನಿ. ಒಂದು ಮಧ್ಯಾಹ್ನ ಕನ್ನಡಿ ಮುಂದ ನಿಂತು "ಹೆಸರು ಹೇಳವಾ" ಅಂತ ನಾನ ಕೇಳಿದೆ, "ಒಲ್ಲೆ" ಅಂತ ನಾನ ಅಂದೆ. ಅಷ್ಟರಾಗ ಒಳಗ ಕುಕ್ಕರ್ ಸೀಟಿ ಹೊಡೀತು. ಬೆಚ್ಚಿಬಿದ್ದೆ, ಆಮ್ಯಾಲ ನನಗ ನಗು ತಡಿಯಾಕ ಆಗಲಿಲ್ಲ. ತಾನ ಕೇಳಿ ತಾನ ಹೇಳಾಕ ಒಡಪೇನು ತನ್ನ ಕಾಲು ತಾನ ತಿಕ್ಕೊಳ್ಳೂ ಎಣ್ಣಿ ಮಾಲೀಸೇನು!

ಇದರಾಗ ಇನ್ನೊಂದು ಗೋಳು ಗಂಟುಬಿತ್ತು. ಹೋದ ಚಳಿಗಾಲದಾಗ ಹುಬ್ಬಳ್ಳಿಗೆ ಒಬ್ಬಾಕಿನ ಹೊಂಟಿದ್ದೆ. ಈಗಿನ ಬಸ್ಸು ತಂಪನ್ನ ಗಾಳಿದು, ಕಿಟಕಿ ತಗಿಯಾಕ ಬರೂದಿಲ್ಲ, ಟಾವೆಲ್ ಒಗಿಯೂದು ಎಲ್ಲಿಂದ ಬಂತು. ಬಾಗಲಾ ತಾನ ತಗಿತೈತಿ, ತಾನ ಹಾಕ್ಕೊತೈತಿ, ಮುಂದಿನ ಸ್ಟಾಪ್ ಯಾವದಂತ ತಾನ ಹೇಳತೈತಿ. ಭಾಳ ಛಲೋ ಆಗೈತಿ, ಬೈಯೂದಿಲ್ಲ. ನನ್ನ ಮಗ್ಗಲಿನ ಸೀಟು ಖಾಲಿ ಇತ್ತು. ಅದನ್ನ ನೋಡಕೋತ ಕುಂತಾಗ ಒಂದು ಒಡಪು ತಾನಾಗೇ ಬಂದು ಬಾಯಾಗ ಕುಂತಿತು. ಪ್ರಾಸ ಕುಂಟಲಿಲ್ಲ, ಏನಿಲ್ಲ, ಹದಾ ಹಿಡದು ಬಂದಿತ್ತು. ನಿಮಗೂ ಈಗ ಹೇಳೂದಿಲ್ಲ. ನೀವಿನ್ನೂ ಕೇಳಿಲ್ಲ. ಅವತ್ತಿನಿಂದ ಆ ಒಡಪು ಹೊಟ್ಯಾಗ ಇಟ್ಕೊಂಡು ಅಡ್ಡಾಡಾಕತ್ತೆ. ಯಾರರ ಒಬ್ಬರು ಕೇಳಲಿ, ಒಂದ ಒಂದು ಸಲ ಮಂದಿ ನಡುವ ನಾ ಅವರ ಹೆಸರು ಹೇಳಬೇಕು ಅನ್ನೂದೊಂದ ಆಸೆ ಆತು.

ಈಗ ನನ್ನ ಸೊಸಿ ವಿಷಯಕ್ಕ ಬರತೀನಿ. ಆಕಿ ಹುಬ್ಬಳ್ಳಿ ಹುಡುಗಿ, ತಾರಿಹಾಳದಾಗ ಒಂದು ಸಣ್ಣ ಕಾರ್ಖಾನ್ಯಾಗ ಇಂಜಿನಿಯರ್. ಸ್ಕೂಟರ್ ಗಾಡಿ ಹೊಡದ್ರ ಗಾಳಿಗೂ ಆಕಿನ ಹಿಡಿಯಾಕ ಆಗೂದಿಲ್ಲ. ಗಂಡನ್ನ ಹೆಸರು ಹಿಡದ ಕರೀತಾಳ. ಬೆಳಗಾಗೂದರೊಳಗ ಶುರು. ನನ್ನ ಮಗನ ಹೆಸರು ಬಚ್ಚಲದಾಗಿಂದ ಕೇಳತೈತಿ, ಗಚ್ಚಿ ಮ್ಯಾಲಿಂದ ಕೇಳತೈತಿ, "ಏ, ಹಸೀ ಟಾವೆಲ್ ಹಾಸಗಿ ಮ್ಯಾಲ ಯಾಕ ಒಗದಿಯೋ" ಅಂತ ಕೇಳತೈತಿ. ಮೊದಮೊದಲು ನನ್ನ ಕಿವಿ ಕಾದುಬಿಡತಿದ್ವು. ಆಗ ಇವರು ಇನ್ನೂ ಇದ್ರು. ಇವರಿಗೆ ಹೇಳಿದ್ರ "ಕರೀಲಿ ಬಿಡು, ಹೆಸರು ಇಟ್ಟಿದ್ದು ಮತ್ಯಾಕ?" ಅಂತ ನಗತಿದ್ರು. ಇವರಿಗೂ ಸೊಸಿಗೂ ಭಾಳ ದೋಸ್ತಿ. ಪ್ಯಾಟಿಗೆ ಹೋಗಬೇಕಂದ್ರ ಆಕಿ ಗಾಡಿ ಹಿಂದ ಕೈಚೀಲಾ ಅಪ್ಪಕೊಂಡು ಕುಂತು ಬಿಡವರು. ಆಕಿ ಗಾಡಿ ಚಾಲೂ ಮಾಡಿದ್ಲೋ ಇಲ್ಲೋ, "ಬ್ರೇಕ್ ಹಾಕು, ಬ್ರೇಕ್ ಹಾಕು" ಅಂತ ಶುರು ಮಾಡವರು. ಇಡೀ ಓಣಿಗೆ ಕೇಳತಿತ್ತು. ಮಂದಿ ಬಾಗಲದಾಗ ಬಂದು ನಿಂತು ನೋಡತಿದ್ರು.

ಆಕಿನ್ನ ನೋಡಿ ಒಂದು ಮಾತು ಕಲತೇನಿ. ನಾನು ಆ ಹೆಸರನ್ನ ಟ್ರಂಕಿನ್ಯಾಗಿನ ರೇಷ್ಮಿ ಸೀರಿ ಹಂಗ ಹಬ್ಬಕ್ಕೊಮ್ಮೆ, ಮದುವಿಗೊಮ್ಮೆ ತಗದು ಮತ್ತ ಮಡಚಿ ಇಟ್ಟೆ. ಆಕಿ ದಿನಾ ಉಡತಾಳ. ದಿನಾ ಉಟ್ಟರೂ ಬಣ್ಣ ಹೋಗಿಲ್ಲ. ನಮ್ಮದ ಭಾಳ ಪ್ರೀತಿ, ಅವರದು ಕಡಿಮಿ ಅಂತ ನಾ ತಿಳದಿದ್ದು ಸುಳ್ಳ ಅಂತ ಈಗ ಅನಸ್ತೈತಿ. ಆದರ ಒಡಪಿನ ಮಜಾ ಆಕಿಗೆ ಸಿಗೂದಿಲ್ಲ, ಅದೂ ಅಷ್ಟ ಖರೇ.

ಆಕಿ ಬಸುರಾದ್ಳು, ಏಳು ತಿಂಗಳಾಗಿ ಕುಬಸ ಮಾಡೂ ಹೊತ್ತು ಬಂತು. ಕುಬಸದಾಗ ಬಸುರಿಗೆ ಹಸಿರು ಸೀರಿ ಉಡಸಿ, ಹಸಿರು ಬಳಿ ಇಡಸಿ, ಉಡಿ ತುಂಬಿ, ಆರತಿ ಮಾಡಿ, ಆಮ್ಯಾಲ ಗಂಡನ ಹೆಸರು ಹೇಳಸೂದು ಇದ್ದೇ ಇರತೈತಿ. ಸೊಸಿ ಅಂಜಿ ನನ್ನ ಹತ್ಯಾಕ ಬಂದ್ಳು.

"ಅತ್ತೀ, ದಿನಾ ಕೂಗಿ ಕರಿಯೂ ಹೆಸರು ಇವತ್ತ್ಯಾಕ ಹಾಡಿನಾಗ ಹೇಳಬೇಕ್ರಿ?"

"ಹೇಳದಿದ್ರ ಊಟ ಕೊಡೂದಿಲ್ಲ" ಅಂದೆ.

ಊಟದ ಮಾತು ಬಂದ ಕೂಡಲೇ ದಾರಿಗೆ ಬಂದ್ಳು. ನನ್ನ ಹಳೇ ಬಸ್ಸಿನ ಒಡಪು ಆಕಿಗೆ ಒಗ್ಗಲಿಲ್ಲ. ಇಬ್ಬರೂ ಕುಂತು, ಜಗಳಾಡಿ, ನಕ್ಕು, ಹೊಸಾದೊಂದು ಕಟ್ಟಿದಿವಿ. ನನ್ನ ಮಗಾನೂ ಅಪ್ಪನಂಗ ಅಂಜುಬುರುಕ, ಆಕಿ ಹಿಂದ ಕುಂತ್ರ ಕಣ್ಣು ಮುಚಗೊಂಡಿರತಾನ. ಅದಕ್ಕ:

"ಗಾಡಿ ಹೊಡಿಯಾಕಿ ನಾನು, ಹಿಂದ ಕುಂತು ನಡಗವರು ಯಾರು?
ಬ್ರೇಕ್ ಹಾಕು, ಬ್ರೇಕ್ ಹಾಕು ಅನ್ನೂ ನಮ್ಮ ——— ಅವರು."

"ಅಂವಗ 'ಅವರು' ಅನಬೇಕಾ?" ಅಂತ ಮಾರಿ ಸೊಟ್ಟ ಮಾಡಿದ್ಳು. ಆಮ್ಯಾಲ "ಅತ್ತೀ, ನೀವ ಒಮ್ಮೆ ರಾಗ ಹಚ್ಚಿ ಹೇಳ್ರಿ, ಫೋನಿನ್ಯಾಗ ಹಿಡಕೊಂತೀನಿ. ತಾರಿಹಾಳಕ್ಕ ಹೋಗೂಮುಂದ ಕೇಳಕೋತ ಕಲೀತೀನಿ" ಅಂದ್ಳು. ಫೋನು ನನ್ನ ಬಾಯಿ ಮುಂದ ಹಿಡದ್ಳು. ಮಗನ ಹೆಸರು ಹೇಳಬೇಕಾಗಿತ್ತು. ಆದರ ಒಡಪಿನ ಕಡೀಕ ಬಂದ ನಾಲಗಿಗೆ ಒಂದ ಹೆಸರು ಗೊತ್ತು. ಅದನ್ನ ಹೇಳಿಬಿಟ್ಟೆ. "ಆ ಜಾಗಾದಾಗ ನೀ ನಿನ್ನ ಗಂಡನ ಹೆಸರು ಹಾಕ್ಕೋ" ಅಂದೆ. "ಹಾಕ್ಕೋತೀನಿ ಬಿಡ್ರಿ" ಅಂದ್ಳು. ಫೋನಿಗೆ ಹೇಳಿದ್ದು ಹೇಳಿದಂಗ ಅಲ್ಲ ಅಂತ ನನಗೆ ನಾನ ಸಮಾಧಾನ ಮಾಡಕೊಂಡೆ. ಹೊಟ್ಯಾಗಿನ ಒಡಪು ಮಾತ್ರ ಇನ್ನಷ್ಟು ಒದ್ಯಾಡಾಕತ್ತಿತು.

ಕುಬಸದ ದಿನಾ ಹುಬ್ಬಳ್ಳಿಯಿಂದ ನನ್ನ ದೊಡ್ಡ ನಾದಿನಿ ಬಂದ್ರು. ಇವರ ಅಕ್ಕ. ಭಾಳ ಕಟ್ಟುನಿಟ್ಟು. ಆರತಿ ತಾಟು ಒಂದಿಷ್ಟು ಸೊಟ್ಟ ಇದ್ರ ನಡಿಯೂದಿಲ್ಲ, ಯಾರು ಎಲ್ಲೆ ಕೂಡ್ರಬೇಕು ಅನ್ನೂದೆಲ್ಲಾ ಅವರದ ಹುಕುಂ. ಅವರು ಚಪ್ಪಲಿ ಬಿಡೂದರೊಳಗ ನಾನು "ಅಡಗಿ ಜವಾಬ್ದಾರಿ ನಂದ್ರಿ ಅಕ್ಕಾರ" ಅಂತ ಒಳಗ ಹೊಕ್ಕೆ. ಹೋಗು ಅಂತ ಯಾರೂ ಅನ್ನಲಿಲ್ಲ. ಬ್ಯಾಡ, ಇಲ್ಲೆ ಕೂಡ್ರು ಅಂತಾನೂ ಯಾರೂ ಅನ್ನಲಿಲ್ಲ. ಅದಕ್ಕ ಕೆಟ್ಟನಿಸಿತು, ಸುಳ್ಳ್ಯಾಕ ಹೇಳಲಿ.

ಶೇಂಗಾ ಹೋಳಿಗಿ ಲಟ್ಟಸಕೋತ ಕಿವಿ ಎಲ್ಲಾ ಹೊರಗ ಇಟ್ಟಿದ್ದೆ. ಬಳಿ ಸಪ್ಪಳ ಕೇಳಿತು, ಆರತಿ ಹಾಡು ಕೇಳಿತು. "ಹೆಸರು ಹೇಳಸ್ರಿ, ಹೆಸರು ಹೇಳಸ್ರಿ" ಅಂತ ಗದ್ದಲಾ ಎದ್ದಿತು. ಒಲಿ ಸಣ್ಣ ಮಾಡಿ ಬಾಗಲ ಹಿಂದ ಹೋಗಿ ನಿಂತೆ. ನಿಂತ ಮ್ಯಾಲ ನೆನಪಾತು, ಅವರು ನಿಂತು ಕೇಳತಿದ್ದದ್ದು ಹಿಂಗ ಬಾಗಲ ಹಿಂದ. ಸೊಸಿ ಹಸಿರು ಸೀರ್ಯಾಗ ಭಾಳ ಛಂದ ಕಾಣಾಕತ್ತಿದ್ಳು. ನಾ ಕಲಿಸಿದಂಗ ಸೆರಗು ಬಾಯಿಗೆ ಇಟ್ಕೊಂಡು "ಒಲ್ಲೆ" ಅಂದ್ಳು. ಮತ್ತ "ಒಲ್ಲೆ" ಅಂದ್ಳು. ಆಮ್ಯಾಲ ಶುರು ಮಾಡಿದ್ಳು.

"ಗಾಡಿ ಹೊಡಿಯಾಕಿ ನಾನು, ಹಿಂದ ಕುಂತು ನಡಗವರು ಯಾರು?"

ನನ್ನ ರಾಗ, ನನ್ನ ಎಳತ, ತಲಿ ಅಲ್ಲಾಡಸೂದೂ ನಂದ! ಬಾಗಲ ಹಿಂದ ನನಗ ಕುಣಿಯೂವಷ್ಟು ಖುಷಿ ಆತು.

"ಬ್ರೇಕ್ ಹಾಕು, ಬ್ರೇಕ್ ಹಾಕು ಅನ್ನೂ ನಮ್ಮ..." ಅಂದು, ದಿನಾ ಫೋನಿನ್ಯಾಗ ಕೇಳಿ ಕೇಳಿ ಬಾಯಿಪಾಠ ಆದದ್ದನ್ನ ಹಂಗ ಒಪ್ಪಿಸಿಬಿಟ್ಟಳು. ಮಾವನ ಹೆಸರು! ಖಣಿಲ್ ಅನ್ನೂ ಧ್ವನಿಯಾಗ, "ಅವರು" ಸುದ್ಧಾ ಹಚ್ಚಿ!

ಮೊದಲು ಯಾರೋ ಒಬ್ಬಾಕಿ ಕಿಸಕ್ ಅಂದ್ಳು. ಆಮ್ಯಾಲ ಇಡೀ ಪಡಸಾಲಿ ಹೋ ಅಂತ ನಕ್ಕಿತು. ಯಾಕ ನಗೂದಿಲ್ಲ ಹೇಳ್ರಿ, ಗಾಡಿ ಹಿಂದ ಕುಂತು ಅವರು ಚೀರಿದ್ದು ಎಲ್ಲಾರೂ ಕಣ್ಣಾರೆ ನೋಡಿದವರ. ಹೊರಗಿನಿಂದ ನನ್ನ ಮಗ "ಅಪ್ಪನ ಹೆಸರು ಯಾಕ ಕರದ್ರಿ?" ಅಂತ ಹಣಿಕಿ ಹಾಕಿದ. ಅಷ್ಟರಾಗ ಮಂದಿಗೆ ಎಚ್ಚರಾ ಆತು. ಇಂಥಾ ಒಳ್ಳೇ ದಿನಾ, ಹೋದವರ ಹೆಸರು. ನಗು ಅಲ್ಲಲ್ಲೇ ನಿಂತಿತು. ಎಲ್ಲಾರೂ ನಾದಿನಿ ಮಾರಿ ನೋಡಿದ್ರು. ಸೊಸಿ ಬಾಯಿ ಮ್ಯಾಲ ಕೈ ಇಟ್ಕೊಂಡಳು, ಕಣ್ಣಾಗ ನೀರು ತುಂಬಿದ್ವು.

ನನಗ ಏನಾತೋ ಏನೋ. ಕೈಯಾಗ ಲಟ್ಟಣಗಿ ಹಿಡಕೊಂಡ ಹೊರಗ ನುಗ್ಗಿದೆ.

"ಏ ಹುಚ್ಚಿ! ಅದು ನನ್ನ ಗಂಡನ ಹೆಸರವಾ! ನಿಂದು ನೀ ಹೇಳು, ನಂದು ನನಗ ಬಿಡು!"

ಅಂದ ಮ್ಯಾಲ ನೋಡಿದ್ರ ಪಡಸಾಲಿ ನಟ್ಟನಡುವ ನಿಂತಿದ್ದೆ. ಸೆರಗಿಗೆ ಹಿಟ್ಟು, ಕೈಗೆ ಹಿಟ್ಟು, ಸುತ್ತಲೂ ಆರತಿ, ಹೂವು, ಮುತ್ತೈದೇರು. ಬಂದ ದಾರಿ ಹಿಡದು ಒಳಗ ಓಡಿಹೋಗಾಕ ತಿರುಗಿದೆ.

"ನಿಲ್ಲು" ಅಂದ್ರು ನಾದಿನಿ.

ನಿಂತೆ. ಬೈಗಳ ತಿನ್ನಾಕ ತಯಾರಾಗಿ ನಿಂತೆ.

"ತಪ್ಪು ಹೆಸರು ಬಿದ್ದೈತಿ. ಆ ಹೆಸರಿನಾಕಿನ ಹೇಳಿ ಸರಿ ಮಾಡಬೇಕು" ಅಂದ್ರು. ಆಮ್ಯಾಲ ಧ್ವನಿ ಸಣ್ಣ ಆತು. "ನಮ್ಮ ತಮ್ಮನ ಹೆಸರು ಕೇಳಿ ಭಾಳ ದಿನಾ ಆಗಿತ್ತವಾ. ಈ ಹುಡುಗಿ ಬಾಯಾಗ ಕೇಳಿದ್ರ ಜೀವಕ್ಕ ಸಾಕಾಗಲಿಲ್ಲ. ನಿನ್ನ ಬಾಯಾಗ ಕೇಳಬೇಕು. ಹೇಳು."

ಎರಡು ವರ್ಷ ಇದನ್ನ ಕೇಳಬೇಕಂತ ಕಾದಾಕಿ ನಾನು. ಕೇಳಿದ ಕೂಡಲೇ ಎರಡು ಹೆಜ್ಜಿ ಹಿಂದ ಸರದೆ. "ಒಲ್ಲೆರಿ ಅಕ್ಕಾರ" ಅಂದೆ. ಅದು ಆಟದ "ಒಲ್ಲೆ" ಅಲ್ಲ, ಖರೇನ ಆಗವಲ್ದಾಗಿತ್ತು.

ನಾದಿನಿ ಎದ್ದು ಬಂದ್ರು. ಮಣಕಾಲ ನೋವಿನವರು, ನೆಲಾ ಊರಿ ಎದ್ದು ಬಂದು, ನನ್ನ ಕೈಯಾಗಿನ ಲಟ್ಟಣಗಿ ಕಸಗೊಂಡ್ರು. "ಹೇಳಿದ್ರ ಕೊಡತೀನಿ. ಇಲ್ಲಾಂದ್ರ ಇಷ್ಟೂ ಮಂದಿಗೆ ಹೋಳಿಗಿ ಇಲ್ಲ" ಅಂದ್ರು. ಹಿಂದಿನಿಂದ ನನ್ನ ಸೊಸಿ ಮೂಗು ಏರಸಕೋತ "ಅತ್ತೀ, ಹೇಳ್ರಿ, ನನಗ ಹಸಿವ್ಯಾಗೈತಿ" ಅಂದ್ಳು. ಎಲ್ಲಾರೂ ಚಪ್ಪಾಳಿ ಹೊಡಿಯಾಕ ಶುರು ಮಾಡಿದ್ರು.

ಕಣ್ಣು ಮುಚ್ಚಿದೆ. ಬಸ್ಸಿನ್ಯಾಗ ಬಂದಿದ್ದ ಒಡಪು ಹಂಗ ಇತ್ತು, ಎಲ್ಲೂ ಹೋಗಿರಲಿಲ್ಲ.

"ನನಕಿಂತ ಮೊದಲ ಹೋಗಿ ಟಾವೆಲ್ ಒಗದು ಸೀಟು ಹಿಡದವರು ಯಾರು?
ಗಡಿಬಿಡಿ ಮಾಡಬ್ಯಾಡ, ಸಾವಕಾಶ ಬಾ ಅನ್ನೂ ನಮ್ಮ ——— ಅವರು."

ಹೇಳಿದೆ. ಪೂರಾ ಹೇಳಿದೆ, ಒಂದಕ್ಷರಾನೂ ನುಂಗಲಿಲ್ಲ. ಗಂಡಸರು ಕುಂತ ಕಟ್ಟಿ ಮಟಾ ಕೇಳಿರಬೇಕು. ನಾದಿನಿ ಲಟ್ಟಣಗಿ ಎದಿಗೆ ಹಿಡಕೊಂಡು ಅಳಾಕತ್ತಿದ್ರು, ಅಳಕೋತ ನಗಾಕತ್ತಿದ್ರು. "ಅಂವಾ ಸಣ್ಣಂವ ಇದ್ದಾಗಿಂದ ಹಂಗ ನೋಡು, ಎಲ್ಲೆ ಹೋದರೂ ಮೊದಲ ಓಡಿ ಜಾಗಾ ಹಿಡಿಯಾಂವ" ಅಂದ್ರು. ಸೊಸಿ ಈ ಸಲ ತನ್ನ ಗಂಡನ ಹೆಸರು ಹಾಕಿ ಸರಿಯಾಗಿ ಹೇಳಿದ್ಳು, ಪಾಪ, ಮೂಗು ಒರಸಕೊಳ್ಳೂ ಗದ್ದಲದಾಗ ಯಾರೂ ಕೇಳಲಿಲ್ಲ. ಒಳಗ ಹೋಳಿಗಿ ಕರಕಲಾದ ವಾಸನಿ ಬರಾಕತ್ತಿತ್ತು.

"ಬಿಡ್ರಿ ಅಕ್ಕಾರ, ಲಟ್ಟಣಗಿ ಕೊಡ್ರಿ" ಅಂದೆ.

"ಎಲ್ಲಿ ಕೊಡಲಿ? ಇನ್ನೊಂದು ಹೇಳು" ಅಂದ್ರು.

"ಹೌದು, ಇನ್ನೊಂದು, ಇನ್ನೊಂದು" ಅಂತ ಪಡಸಾಲಿ ತುಂಬ ಎದ್ದಿತು.

ನಾನು ಹಿಟ್ಟು ಹತ್ತಿದ ಸೆರಗು ಬಾಯಿಗೆ ಇಟ್ಕೊಂಡು "ಒಲ್ಲೆ" ಅಂದೆ.